ಕುದುರೆ ಮರಿ ಹಾಕುವ ರಾತ್ರಿ

ಪ್ರಶ್ನೆ: ಡಾಕ್ಟರಮ್ಮ, ನಮಸ್ಕಾರ. ನಮ್ಮದು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ನಾಲ್ಕು ಸೀಮೆಹಸು, ಒಂದು ಜೊತೆ ಹಳ್ಳಿಕಾರ್ ಎತ್ತು ಇವೆ. ನನಗೆ 23 ವರ್ಷ. ಮುಂದಿನ ತಿಂಗಳಿಂದ ರೇಸ್ ಕುದುರೆ ಸಾಕುವ ಒಂದು ಫಾರಂನಲ್ಲಿ ರಾತ್ರಿ ಪಾಳಿ ಕೆಲಸ ಸಿಕ್ಕಿದೆ. ಗಬ್ಬದ ಕುದುರೆಗಳನ್ನು ಕಾಯಬೇಕು, ಮರಿ ಹಾಕುವ ಹೊತ್ತಿಗೆ ಡಾಕ್ಟರಿಗೆ ಫೋನ್ ಮಾಡಬೇಕು ಅಂತ ಹೇಳಿದ್ದಾರೆ. ಹಸು ಕರು ಹಾಕುವುದನ್ನು ಎಷ್ಟೋ ಸಲ ನೋಡಿದ್ದೇನೆ, ನಾನೇ ಹಿಡಿದು ಎಳೆದಿದ್ದೇನೆ. ಕುದುರೆಯದು ಬೇರೆ ಥರಾನಾ? ಏನೇನು ನೋಡಿಕೊಳ್ಳಬೇಕು? ಇನ್ನೊಂದು ಮಾತು. ‘ಯಾರೋ ದುಡ್ಡಿರೋರ ಜೂಜಿಗೆ ನೀನ್ಯಾಕೆ ನಿದ್ದೆ ಕೆಡ್ತೀಯಾ’ ಅಂತ ಅಮ್ಮ ಕೇಳುತ್ತಾರೆ. ನಿಜವಾಗಿ ಈ ಕೆಲಸದಲ್ಲಿ ಸಂತೋಷ ಅನ್ನುವುದು ಇದೆಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇದೆ.

ತುಮಕೂರು ಜಿಲ್ಲೆ ಮತ್ತು ಸುತ್ತಮುತ್ತಲಿನ ಕುದುರೆ ಫಾರಂಗಳಲ್ಲಿ ನಾನು 26 ಹಂಗಾಮು ಕೆಲಸ ಮಾಡಿದ್ದೇನೆ. ಒಂದೊಂದು ಹಂಗಾಮಿಗೆ ಒಂದೊಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಮರಿಗೂ ಅದರಲ್ಲಿ ಒಂದು ಸಾಲು. ನೀರು ಒಡೆದದ್ದು ಎಷ್ಟು ಗಂಟೆಗೆ, ಮರಿ ಹೊರಗೆ ಬಂದದ್ದು ಎಷ್ಟು ಗಂಟೆಗೆ, ಎದ್ದು ನಿಂತದ್ದು, ಹಾಲು ಕುಡಿದದ್ದು, ತಾಯಿಯ ಕಸ, ಅಂದರೆ ಮಾಸು, ಬಿದ್ದದ್ದು. ಅಷ್ಟೇ. ಆ ಮರಿ ದೊಡ್ಡದಾಗಿ ಯಾವ ರೇಸ್ ಗೆದ್ದಿತು ಅಂತ ಒಂದು ಪುಟದಲ್ಲೂ ಬರೆದಿಲ್ಲ. ಬರೆಯಬೇಕು ಅಂತ ನನಗೆ ಅನಿಸಲೇ ಇಲ್ಲ. ಆದರೆ ಆ ಪುಟಗಳನ್ನು ಇವತ್ತು ತೆಗೆದರೂ ಕೆಲವು ರಾತ್ರಿಗಳು ಹಾಗೇ ಕಣ್ಣ ಮುಂದೆ ಬರುತ್ತವೆ.

ಈಗ ನಿಮ್ಮ ಕೆಲಸದ ವಿಷಯಕ್ಕೆ ಬರೋಣ. ನೀವು ಹಸುವಿನ ಜೊತೆ ಬೆಳೆದವರು. ಅದು ದೊಡ್ಡ ಆಸ್ತಿ. ಪ್ರಾಣಿಯ ಪಕ್ಕದಲ್ಲಿ ಸುಮ್ಮನೆ ನಿಂತು ಅಭ್ಯಾಸ ಇರುವವರಿಗೆ ಮಾತ್ರ ಈ ಕೆಲಸ ಒಗ್ಗುತ್ತದೆ. ಆದರೆ ಹಸುವಿನಿಂದ ಕಲಿತ ಕೆಲವನ್ನು ಇಲ್ಲಿ ಮರೆಯಬೇಕಾಗುತ್ತದೆ. ಎಲ್ಲಕ್ಕಿಂತ ಮೊದಲು ಮರೆಯಬೇಕಾದದ್ದು ನಿಧಾನ. ಹಸು ಕರು ಹಾಕಲು ಗಂಟೆಗಟ್ಟಲೆ ತೆಗೆದುಕೊಂಡರೂ ನಾವು ಕಾಯುತ್ತೇವೆ. ಕುದುರೆಯ ಲೆಕ್ಕ ನಿಮಿಷದ್ದು. ನೀರು ಒಡೆದ ಮೇಲೆ ಸಾಮಾನ್ಯವಾಗಿ 20ರಿಂದ 30 ನಿಮಿಷದೊಳಗೆ ಮರಿ ನೆಲದ ಮೇಲಿರುತ್ತದೆ. ಇರಬೇಕು. ಇಲ್ಲದಿದ್ದರೆ ಏನೋ ತೊಂದರೆಯಾಗಿದೆ ಅಂತಲೇ ಅರ್ಥ. ಅದಕ್ಕೇ ನಿಮ್ಮನ್ನು ರಾತ್ರಿ ಪಾಳಿಗೆ ಹಾಕಿದ್ದಾರೆ. ಕುದುರೆ ಮರಿಗಳು ಬಹುಪಾಲು ರಾತ್ರಿಯೇ ಹುಟ್ಟುತ್ತವೆ. ಹತ್ತು ಗಂಟೆಯಿಂದ ಬೆಳಗಿನ ಜಾವ ನಾಲ್ಕೈದರವರೆಗೆ. ಬಯಲಿನಲ್ಲಿ ಬದುಕುತ್ತಿದ್ದ ಪ್ರಾಣಿ ಅದು. ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದೆ, ಬೇಗ ಬೇಗ ಕೆಲಸ ಮುಗಿಸಿ, ಬೆಳಕು ಹರಿಯುವಷ್ಟರಲ್ಲಿ ಮರಿಯ ಜೊತೆ ಓಡಲು ತಯಾರಾಗಬೇಕಿತ್ತು. ಲಾಯಕ್ಕೆ ತಂದು ಕಟ್ಟಿದರೂ ಆ ಗುಣ ಹೋಗಿಲ್ಲ.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಸುತ್ತ ಗಲಾಟೆ ಇದ್ದರೆ ಕುದುರೆ ಮರಿ ಹಾಕುವುದನ್ನು ಸ್ವಲ್ಪ ಮುಂದೂಡುತ್ತದೆ. ನೀರು ಒಡೆಯುವವರೆಗೆ ಅದಕ್ಕೆ ಆ ಹಿಡಿತ ಇದೆ. ನಾನು ಹೊಸಬಳಾಗಿದ್ದಾಗ ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡುತ್ತಿದ್ದೆ. ಮೂರು ರಾತ್ರಿ ಕಾದೆ, ಏನೂ ಆಗಲಿಲ್ಲ. ನಾಲ್ಕನೆಯ ರಾತ್ರಿ ಟೀ ಕುಡಿಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಮರಿ ಹುಲ್ಲಿನ ಮೇಲೆ ಕೂತಿತ್ತು. ಅಲ್ಲಿದ್ದ ಹಿರಿಯ ಸೈಸ್ (ಕುದುರೆ ನೋಡಿಕೊಳ್ಳುವವರು) ಒಬ್ಬರು ಆಮೇಲೆ ನನಗೆ ಹೇಳಿಕೊಟ್ಟರು. ‘ನೋಡಬೇಡಿ, ಕೇಳಿಸಿಕೊಳ್ಳಿ’ ಅಂತ. ಅವರು ಕತ್ತಲಲ್ಲಿ ಗೋಡೆಗೆ ಒರಗಿ ಕೂತು ಕುದುರೆ ಹುಲ್ಲು ಅಗಿಯುವ ಸದ್ದನ್ನು ಕೇಳುತ್ತಿದ್ದರು. ಅಗಿಯುವುದು ನಿಂತರೆ ಅವರ ಕಿವಿ ನಿಮಿರುತ್ತಿತ್ತು. ಮತ್ತೆ ಶುರುವಾದರೆ ಬೀಡಿ ಹುಡುಕುತ್ತಿದ್ದರು. ಈಗ ಎಲ್ಲ ಕಡೆ ಕ್ಯಾಮೆರಾ ಇದೆ. ಒಳ್ಳೆಯದೇ. ಆದರೂ ಆ ಕಿವಿಯನ್ನು ನೀವೂ ಬೆಳೆಸಿಕೊಳ್ಳಿ. ಕರೆಂಟ್ ಹೋದಾಗ ಕ್ಯಾಮೆರಾ ಹೋಗುತ್ತದೆ, ಕಿವಿ ಹೋಗುವುದಿಲ್ಲ.

ಗಬ್ಬದ ಲೆಕ್ಕ ಸುಮಾರು 340 ದಿನ, ಅಂದರೆ 11 ತಿಂಗಳು. 320ಕ್ಕೆ ಹಾಕಿದವೂ ಇವೆ, 365 ದಾಟಿದವೂ ಇವೆ. ತಾರೀಕು ನೋಡಿ ಮೋಸ ಹೋಗಬೇಡಿ, ಕೆಚ್ಚಲು ನೋಡಿ. ಎರಡು ಮೂರು ವಾರ ಮೊದಲೇ ಕೆಚ್ಚಲು ತುಂಬಲು ಶುರುವಾಗುತ್ತದೆ. ಬಾಲದ ಬುಡದ ಎರಡೂ ಕಡೆಯ ಮಾಂಸ ಸಡಿಲವಾಗುತ್ತದೆ. ಇದು ಹಸುವಿನಲ್ಲೂ ನಿಮಗೆ ಗೊತ್ತು. ಕೊನೆಯ ಒಂದರಿಂದ ನಾಲ್ಕು ದಿನ ಇರುವಾಗ ಮೊಲೆಯ ತುದಿಯಲ್ಲಿ ಹಳದಿ ಮೇಣದ ಹನಿ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಕಂಡ ದಿನದಿಂದ ಆ ಕುದುರೆಯ ಹತ್ತಿರವೇ ಇರಿ. ಎಲ್ಲ ಕುದುರೆಯೂ ಮೇಣ ತೋರಿಸುವುದಿಲ್ಲ ಅನ್ನುವುದೂ ನೆನಪಿರಲಿ. ಕೆಲವು ಫಾರಂಗಳಲ್ಲಿ ಎರಡು ಹನಿ ಹಾಲು ತೆಗೆದು ಅದರ ಕ್ಯಾಲ್ಸಿಯಂ ಅನ್ನು ಪಟ್ಟಿಯಲ್ಲಿ ಪರೀಕ್ಷೆ ಮಾಡುತ್ತಾರೆ. ಕ್ಯಾಲ್ಸಿಯಂ ಏರಿದರೆ ದಿನ ಹತ್ತಿರ ಬಂತು ಅಂತ. ನಿಮ್ಮಲ್ಲೂ ಆ ಪದ್ಧತಿ ಇದ್ದರೆ ಕಲಿತುಕೊಳ್ಳಿ.

ಆ ರಾತ್ರಿ ಬಂದಾಗ ಮೊದಲು ಬೆವರು ಕಾಣಿಸುತ್ತದೆ. ಮೊಣಕೈ ಹಿಂದೆ, ಪಕ್ಕೆಯ ಮೇಲೆ. ಕುದುರೆ ಸುತ್ತುತ್ತದೆ, ತನ್ನ ಹೊಟ್ಟೆಯನ್ನು ತಿರುಗಿ ನೋಡುತ್ತದೆ, ಮಲಗುತ್ತದೆ, ಏಳುತ್ತದೆ. ಹೊಟ್ಟೆನೋವು ಬಂದ ಕುದುರೆ ಕೂಡ ಹೀಗೇ ಮಾಡುತ್ತದೆ, ಹಾಗಾಗಿ ಅನುಮಾನ ಬಂದರೆ ಫೋನ್ ಮಾಡಿ. ಯಾವ ಡಾಕ್ಟರೂ ಬೈಯುವುದಿಲ್ಲ. ಬೈದರೂ ಪರವಾಗಿಲ್ಲ, ಮಾಡಿ. ಆಮೇಲೆ ಇದ್ದಕ್ಕಿದ್ದ ಹಾಗೆ ಬಿಂದಿಗೆ ಬೋರಲು ಹಾಕಿದ ಹಾಗೆ ನೀರು ಸುರಿಯುತ್ತದೆ. ಗಡಿಯಾರ ನೋಡಿ, ಬರೆದುಕೊಳ್ಳಿ. ಅಲ್ಲಿಂದ ನಿಮ್ಮ ಕೆಲಸ ಶುರು.

ಐದು ನಿಮಿಷದೊಳಗೆ ಬಿಳಿ ಪೊರೆ ಕಾಣಬೇಕು. ಹೊಳೆಯುವ, ನೀಲಿ ಛಾಯೆಯ ಬಿಳಿ. ಅದರೊಳಗೆ ಒಂದು ಕಾಲು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ. ಗೊರಸಿನ ಅಂಗಾಲು ನೆಲದ ಕಡೆಗೆ. ಕಾಲುಗಳ ಮೇಲೆ ಮೂಗು. ಈಜುಗಾರ ಬಾವಿಗೆ ಧುಮುಕುವಾಗ ಕೈ ಚಾಚಿರುತ್ತಾನಲ್ಲ, ಹಾಗೆ. ಹೀಗಿದ್ದರೆ ನೀವು ಮಾಡಬೇಕಾದದ್ದು ಏನೂ ಇಲ್ಲ. ಅಂಗಾಲು ಆಕಾಶ ನೋಡುತ್ತಿದ್ದರೆ, ಒಂದೇ ಕಾಲು ಬಂದಿದ್ದರೆ, ಕಾಲು ಇದ್ದು ಮೂಗು ಇಲ್ಲದಿದ್ದರೆ, ಹತ್ತು ನಿಮಿಷವಾದರೂ ಏನೂ ಕಾಣದಿದ್ದರೆ, ತಕ್ಷಣ ಫೋನ್. ಡಾಕ್ಟರ್ ಬರುವವರೆಗೆ ಕುದುರೆಯನ್ನು ಎಬ್ಬಿಸಿ ನಿಧಾನವಾಗಿ ನಡೆಸುತ್ತಿರಿ. ಹಗ್ಗ ಕಟ್ಟಿ ಎಳೆಯುವುದು ಬೇಡವೇ ಬೇಡ. ಕುದುರೆ ಮರಿಯ ಕಾಲು ಕರುವಿನ ಕಾಲಲ್ಲ. ಪಕ್ಕೆಲುಬೂ ಬಹಳ ನಾಜೂಕು, ಹುಟ್ಟುವಾಗಲೇ ಮುರಿಯುವುದುಂಟು.

ಇನ್ನು ಕೆಂಪು. ಇದನ್ನು ಎರಡು ಸಲ ಓದಿ. ಬಿಳಿ ಪೊರೆಯ ಬದಲು ಕೆಂಪು, ವೆಲ್ವೆಟ್ ಬಟ್ಟೆಯಂಥ ಚೀಲ ಹೊರಗೆ ಬಂದರೆ, ಕಸವು ಗರ್ಭದ ಗೋಡೆಯಿಂದ ಮೊದಲೇ ಬಿಟ್ಟುಕೊಂಡಿದೆ ಅಂತ. ಮರಿಗೆ ಉಸಿರು ಬರುತ್ತಿದ್ದುದೇ ಆ ಕಸದ ಮೂಲಕ. ಈಗ ಅದು ಒಳಗೆ ಉಸಿರುಗಟ್ಟುತ್ತಿದೆ. ಆಗ ಫೋನಿಗೂ ಮೊದಲು ಆ ಚೀಲವನ್ನು ಕತ್ತರಿಸಬೇಕು. ಮೊಂಡು ತುದಿಯ ಕತ್ತರಿ ನಿಮ್ಮ ಪೆಟ್ಟಿಗೆಯಲ್ಲಿ ಸದಾ ಇರಲಿ. ಕೆಂಪು ಕತ್ತರಿಸಿ, ಒಳಗಿನ ಬಿಳಿ ಪೊರೆ ಬಿಡಿಸಿ, ಮರಿಯ ಮುಂಗಾಲು ಹಿಡಿದು, ಕುದುರೆ ತಿಣುಕುವಾಗ ಮಾತ್ರ ಅದರ ಜೊತೆಗೇ ಎಳೆಯಬೇಕು. ಹಗ್ಗ ಬೇಡ, ಬರೀ ಕೈ ಸಾಕು. ಎಳೆಯಬೇಡಿ ಅಂದೆನಲ್ಲ, ಆ ಮಾತಿಗೆ ಇದೊಂದೇ ಹೊರತು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಿಮ್ಮ ಫಾರಂ ಡಾಕ್ಟರ ಹತ್ತಿರ ಇದನ್ನು ಕೈಯಾರೆ ಮಾಡಿ ತೋರಿಸಿ ಅಂತ ಕೇಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನನ್ನ ಮೂರನೆಯ ಹಂಗಾಮಿನಲ್ಲಿ ಒಬ್ಬ ಹುಡುಗ, ನಿಮ್ಮದೇ ವಯಸ್ಸು, ಕೆಂಪು ಕಂಡು ಗಾಬರಿಯಾಗಿ ಫೋನ್ ಮಾಡಲು ಆಫೀಸಿಗೆ ಓಡಿದ. ಆಗ ಕೈಯಲ್ಲಿ ಮೊಬೈಲ್ ಇರಲಿಲ್ಲ. ನಾನು ಬರುವಷ್ಟರಲ್ಲಿ ಮರಿ ಹೋಗಿತ್ತು. ಕಂದು ಬಣ್ಣ, ಹಣೆಯ ಮೇಲೆ ಚುಕ್ಕೆ, ಪೂರ್ತಿ ಬೆಳೆದ ಹೆಣ್ಣು ಮರಿ. ಆ ಹುಡುಗನ ತಪ್ಪು ಏನೂ ಇರಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದವಳು ನಾನು. ಅಲ್ಲಿಂದ ಮುಂದೆ ಹೊಸದಾಗಿ ಯಾರು ಪಾಳಿಗೆ ಬಂದರೂ ನಾನು ಒಂದು ಕೆಂಪು ಬಟ್ಟೆ, ಒಂದು ಬಿಳಿ ಬಟ್ಟೆ, ಕತ್ತರಿ ಇಟ್ಟುಕೊಂಡು ಪಾಠ ಮಾಡಿದ್ದೇನೆ. ಆಮೇಲೆ ಎರಡು ಮರಿಗಳನ್ನು ಹೀಗೆ ಕಾವಲಿನ ಹುಡುಗರೇ ಉಳಿಸಿದ್ದಾರೆ.

ಸರಿ. ಎಲ್ಲವೂ ಸುಸೂತ್ರವಾಗಿ ನಡೆಯಿತು ಅಂತ ಇಟ್ಟುಕೊಳ್ಳೋಣ. ಹೆಚ್ಚಿನ ರಾತ್ರಿ ಹಾಗೇ ನಡೆಯುತ್ತದೆ. ಮರಿ ಹೊರಗೆ ಬಂದಿದೆ. ಹಿಂಗಾಲಿನ ಗೊರಸು ಇನ್ನೂ ತಾಯಿಯೊಳಗೇ ಇದೆ. ತಾಯಿ ದಣಿದು ಮಲಗಿದೆ. ಮೂಗಿನ ಮೇಲಿನ ಪೊರೆ ಸರಿದಿದೆಯಾ, ಮರಿ ಉಸಿರಾಡುತ್ತಿದೆಯಾ ಅಂತ ಮಾತ್ರ ನೋಡಿ. ಆಮೇಲೆ ಹಿಂದಕ್ಕೆ ಬನ್ನಿ. ಹೊಕ್ಕುಳಬಳ್ಳಿಯನ್ನು ಕತ್ತರಿಸಬೇಡಿ. ತಾಯಿ ಎದ್ದಾಗ ಅಥವಾ ಮರಿ ಒದ್ದಾಡಿದಾಗ ಅದೇ ತನ್ನ ಜಾಗದಲ್ಲಿ ಹರಿಯುತ್ತದೆ. ಆಮೇಲೆ ಡಾಕ್ಟರ್ ಕೊಟ್ಟ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಹೊಕ್ಕುಳನ್ನು ಅದ್ದಬೇಕು, ಮೊದಲ ದಿನ ಮೂರು ನಾಲ್ಕು ಸಲ.

ಆ ಹತ್ತು ಹದಿನೈದು ನಿಮಿಷದ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. ಲಾಯ ಪೂರ್ತಿ ನಿಶ್ಶಬ್ದವಾಗಿರುತ್ತದೆ. ಜನವರಿಯ ಚಳಿಯಲ್ಲಿ ಒದ್ದೆ ಮರಿಯ ಮೈಯಿಂದ ಹಬೆ ಏಳುತ್ತದೆ. 50 ಕೆಜಿ ತೂಕದ ಮರಿ, ತಾಯಿಯ ತೂಕದ ಹತ್ತನೆಯ ಒಂದು ಭಾಗ. ಅದರಲ್ಲಿ ಅರ್ಧ ಬರೀ ಕಾಲೇ ಅನಿಸುತ್ತದೆ. ಕಿವಿ ಎರಡೂ ಒದ್ದೆಯಾಗಿ ಜೋತುಬಿದ್ದಿರುತ್ತವೆ. ತಾಯಿ ಮೆಲ್ಲಗೆ ತಲೆ ತಿರುಗಿಸುತ್ತದೆ. ಆಗ ಅದರ ಗಂಟಲಿನಿಂದ ಒಂದು ದನಿ ಬರುತ್ತದೆ. ಕೆನೆತ ಅಲ್ಲ. ತುಟಿ ಮುಚ್ಚಿಕೊಂಡು, ಆಳದಿಂದ, ನಡುಗುವ ಹಾಗೆ ಗುರುಗುಟ್ಟುವ ಸಣ್ಣ ದನಿ. ಅದೇ ಕುದುರೆ ನಿನ್ನೆಯವರೆಗೆ ಯಾರಿಗೂ ಹಾಗೆ ಮಾತಾಡಿರುವುದಿಲ್ಲ. ಮರಿ ಹುಟ್ಟಿ ಇನ್ನೂ ಐದು ನಿಮಿಷ ಆಗಿರುವುದಿಲ್ಲ, ಆದರೂ ಆ ದನಿಗೆ ಕಿವಿ ಎತ್ತುತ್ತದೆ. ಕೆಲವು ಮರಿಗಳು ಉತ್ತರವನ್ನೂ ಕೊಡುತ್ತವೆ, ಸಣ್ಣ ಕೀರಲು ದನಿಯಲ್ಲಿ. ಇಷ್ಟು ವರ್ಷವಾದರೂ ಆ ಮೊದಲ ದನಿಗೆ ನನ್ನ ಗಂಟಲು ಕಟ್ಟುತ್ತದೆ.

ಧೈರ್ಯ ಮಾಡಿ ಮರಿಯ ಗೊರಸನ್ನು ಒಮ್ಮೆ ಮುಟ್ಟಿ ನೋಡಿ. ತಾಯಿ ಒಪ್ಪಿದರೆ ಮಾತ್ರ. ಅಡಿಯಲ್ಲಿ ಮೆತ್ತನೆಯ, ಹಳದಿ ಬಿಳಿಯ, ಬೆರಳುಬೆರಳಾದ ಪದರ ಇರುತ್ತದೆ. ಎಳನೀರಿನ ಒಳಗಿನ ತೆಳು ಗಂಜಿ ಮುಟ್ಟಿದ ಹಾಗೆ. 11 ತಿಂಗಳು ಹೊಟ್ಟೆಯೊಳಗೆ ಒದೆಯುವಾಗ ಗರ್ಭ ಹರಿಯದಿರಲಿ ಅಂತ ಗೊರಸಿಗೆ ಆ ಹೊದಿಕೆ. ಮರಿ ಎದ್ದು ನಡೆದಾಡಿದರೆ ಬೇಗನೆ ಸವೆದು ಉದುರುತ್ತದೆ. ಬೆಳಗ್ಗೆ ಬಂದವರಿಗೆ ಅದು ಕಾಣುವುದಿಲ್ಲ. ಫಾರಂ ಮಾಲೀಕರಲ್ಲಿ ಎಷ್ಟೋ ಜನ ಅದನ್ನು ನೋಡಿಯೇ ಇಲ್ಲ. ರಾತ್ರಿ ಕಾದ ನಿಮಗೆ ಮಾತ್ರ ಸಿಗುವ ನೋಟ ಅದು.

ಈಗ ಒಂದು, ಎರಡು, ಮೂರು ಅಂತ ನೆನಪಿಟ್ಟುಕೊಳ್ಳಿ. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು. ಮೂರು ಗಂಟೆಯೊಳಗೆ ತಾಯಿಯ ಕಸ ಬೀಳಬೇಕು. ಇದರಲ್ಲಿ ಯಾವುದು ತಡವಾದರೂ ಡಾಕ್ಟರಿಗೆ ಹೇಳಬೇಕು. ಕಸದ ವಿಷಯದಲ್ಲಿ ಹಸುವಿನ ಅಭ್ಯಾಸ ನಿಮ್ಮನ್ನು ದಾರಿ ತಪ್ಪಿಸಬಹುದು. ಹಸುವಿಗೆ ಅರ್ಧ ದಿನ ಕಸ ಬೀಳದಿದ್ದರೂ ನಾವು ಅಷ್ಟು ಹೆದರುವುದಿಲ್ಲ. ಕುದುರೆಗೆ ಹಾಗಲ್ಲ. ಒಳಗೆ ಒಂದು ಸಣ್ಣ ಚೂರು ಉಳಿದರೂ ನಂಜೇರಿ, ಜ್ವರ ಬಂದು, ಕೊನೆಗೆ ಗೊರಸಿನ ಒಳಗೆ ಉರಿಯೂತವಾಗಿ ಕುದುರೆ ನಿಲ್ಲಲಾರದೆ ಹೋಗುತ್ತದೆ. ಹಾಗಂತ ಜೋತಾಡುವ ಕಸವನ್ನು ಎಳೆಯಬೇಡಿ, ಕಲ್ಲು ಕಟ್ಟಬೇಡಿ. ಕಾಲಿಗೆ ಸಿಗದ ಹಾಗೆ ಗಂಟು ಹಾಕಿಡಿ, ಸಾಕು. ಬಿದ್ದ ಮೇಲೆ ಬಕೆಟ್‌ನಲ್ಲಿ ಹಾಕಿ ಮುಚ್ಚಿಡಿ. ಡಾಕ್ಟರ್ ಬಂದು ನೆಲದ ಮೇಲೆ ಹರಡಿ, ಪೂರ್ತಿ ಇದೆಯಾ ಅಂತ ನೋಡುತ್ತಾರೆ, ತೂಕವನ್ನೂ ಹಾಕುತ್ತಾರೆ.

ಎದ್ದು ನಿಲ್ಲುವುದನ್ನು ಸುಮ್ನೆ ನೋಡುವುದೇ ಈ ಕೆಲಸದ ಅತಿ ಕಷ್ಟದ ಭಾಗ. ಮರಿ ಮುಂಗಾಲು ಚಾಚುತ್ತದೆ, ಹಿಂಭಾಗ ಎತ್ತುತ್ತದೆ, ಮೂಗಿನ ಮೇಲೆ ಬೀಳುತ್ತದೆ. ಮತ್ತೆ ಏಳುತ್ತದೆ, ಪಕ್ಕಕ್ಕೆ ಉರುಳುತ್ತದೆ. ನಾಲ್ಕು ಕಾಲು ನಾಲ್ಕು ದಿಕ್ಕಿಗೆ. ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಹೋಗಲು ಬಿಡಬೇಡಿ. ಬಿದ್ದು ಎದ್ದರೇ ಕಾಲಿಗೆ ಬಲ. ನೆಲಕ್ಕೆ ದಪ್ಪಗೆ ಒಣಹುಲ್ಲು ಹಾಸಿರಿ, ಗೋಡೆಯ ಮೂಲೆಯಲ್ಲಿ ಚೂಪಾದದ್ದು ಏನೂ ಇರದ ಹಾಗೆ ನೋಡಿಕೊಳ್ಳಿ, ಉಳಿದದ್ದು ಮರಿಯದು. ಎಂಟನೆಯದೋ ಹತ್ತನೆಯದೋ ಸಲ ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ. ನಿಂತ ಮೇಲೆ ಮುಂದೇನು ಅಂತ ಗೊತ್ತಾಗದೆ ಹಾಗೇ ನಡುಗುತ್ತ ಇರುತ್ತದೆ.

ಆಮೇಲೆ ಹಾಲಿನ ಹುಡುಕಾಟ. ಗೋಡೆ ಚೀಪುತ್ತದೆ. ತಾಯಿಯ ಮೊಣಕೈ ಚೀಪುತ್ತದೆ. ನಿಮ್ಮ ಅಂಗಿ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ತಲೆ ಹಿಡಿದು ಕೆಚ್ಚಲಿಗೆ ಒತ್ತಿದರೆ ಅದು ಹಿಂದಕ್ಕೇ ಜಗ್ಗುತ್ತದೆ, ಇನ್ನೂ ತಡವಾಗುತ್ತದೆ. ತಾಯಿ ಚೊಚ್ಚಲಾದರೆ ಅದಕ್ಕೂ ಕೆಚ್ಚಲು ಮುಟ್ಟಿದರೆ ಕಚಗುಳಿ, ಹಾಗಾಗಿ ಒದೆಯಬಹುದು. ಅಂಥ ಹೊತ್ತಲ್ಲಿ ಒಬ್ಬರು ತಾಯಿಯ ತಲೆಯ ಹತ್ತಿರ ನಿಂತು ಮೆಲ್ಲಗೆ ಮಾತಾಡಿಸುತ್ತಿರಬೇಕು. ಕನ್ನಡದಲ್ಲೇ ಮಾತಾಡಿ. ಬಹುಪಾಲು ಸೈಸ್‌ಗಳು ಕುದುರೆಗೆ ಹಿಂದಿಯಲ್ಲಿ ಹೇಳುತ್ತಾರೆ, ಆದರೆ ಅದಕ್ಕೆ ಬೇಕಾದ್ದು ದನಿಯ ಹದ ಮಾತ್ರ. ಕೊನೆಗೆ ಚಪ್ ಚಪ್ ಅಂತ ಸದ್ದು ಬಂದು, ಮರಿಯ ಗಿಡ್ಡ ಬಾಲ ಅಲ್ಲಾಡಲು ಶುರುವಾದರೆ ಗಂಟೆ ಬರೆದುಕೊಳ್ಳಿ.

ಆ ಮೊದಲ ಹಾಲು, ಗಿಣ್ಣು, ಎಷ್ಟು ಮುಖ್ಯ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ಹಸುವಿನ ಗಿಣ್ಣನ್ನು ನಾವು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಅಕ್ಕಪಕ್ಕದ ಮನೆಗೂ ಕೊಡುತ್ತೇವೆ. ಕುದುರೆಯ ಗಿಣ್ಣಿನಲ್ಲಿ ಹಾಗೆ ಹಂಚುವಷ್ಟು ಇರುವುದಿಲ್ಲ. ಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೇ ಇಲ್ಲ ಅನ್ನಬಹುದು. ಎಲ್ಲ ಗಿಣ್ಣಿನಿಂದಲೇ ಬರಬೇಕು. ಅದನ್ನು ಹಾಗೇ ಹೀರಿಕೊಳ್ಳುವ ಬಾಗಿಲು ಕರುಳಿನಲ್ಲಿ ಒಂದು ದಿನ ಮಾತ್ರ ತೆರೆದಿರುತ್ತದೆ. ಮೊದಲ ಆರು ಗಂಟೆ ಚಿನ್ನದಂಥದ್ದು, ಆಮೇಲೆ ಬಾಗಿಲು ಮುಚ್ಚುತ್ತ ಹೋಗುತ್ತದೆ. ಹಾಗಾಗಿ, ಮರಿ ಹಾಕುವ ಮೊದಲೇ ಕೆಚ್ಚಲಿನಿಂದ ಹಾಲು ಸೋರುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಆ ದಿನವೇ ಹೇಳಿ. ಸೋರಿ ಹೋದದ್ದು ಗಿಣ್ಣು. ಒಳ್ಳೆಯ ಫಾರಂಗಳಲ್ಲಿ ಹಾಲು ಜಾಸ್ತಿ ಇರುವ ಕುದುರೆಯಿಂದ, ಅದರ ಮರಿ ಕುಡಿದ ಮೇಲೆ, ಕಾಲು ಲೀಟರಿನಷ್ಟು ತೆಗೆದು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಬೇಕಾದಾಗ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಬೇಕು. ಕುದಿಸಿದರೆ ಅದರ ಶಕ್ತಿ ಹೋಯಿತು. ಮರುದಿನ ಡಾಕ್ಟರ್ ಮರಿಯ ರಕ್ತ ಪರೀಕ್ಷೆ ಮಾಡಿ, ಆ ಶಕ್ತಿ ಸಾಕಷ್ಟು ಬಂದಿದೆಯಾ ಅಂತ ನೋಡುತ್ತಾರೆ. ರೋಗ ತಡೆಯುವ ಆ ಪ್ರತಿಕಾಯ ಡೆಸಿಲೀಟರಿಗೆ 800 ಮಿಲಿಗ್ರಾಂ ದಾಟಿದ್ದರೆ ನಿಶ್ಚಿಂತೆ.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಲದ್ದಿ ಕಪ್ಪಗೆ, ಅಂಟಂಟಾಗಿ, ಒಂದು ದಿನದೊಳಗೆ ಬೀಳಬೇಕು. ಮರಿ ಬಾಲ ಎತ್ತಿ ತಿಣುಕುತ್ತಿದ್ದರೆ, ಹಾಲು ಬಿಟ್ಟು ಉರುಳಾಡಿದರೆ ಹೇಳಿ. ಒಂದು ವಾರ ಕಳೆದ ಮೇಲೆ ತೆಳ್ಳಗೆ ಭೇದಿಯಾದರೆ, ಮರಿ ಚುರುಕಾಗಿದ್ದರೆ, ಸಾಮಾನ್ಯವಾಗಿ ಗಾಬರಿ ಬೇಡ, ಆದರೂ ತಿಳಿಸಿ. ತಾಯಿ ಮತ್ತೆ ಬೆದೆಗೆ ಬರುವ ದಿನಗಳೂ ಅವೇ. ಮರಿ ತಾಯಿಯ ಲದ್ದಿ ತಿಂದರೆ ಹೊಡೆಯಬೇಡಿ. ಹುಲ್ಲು ಜೀರ್ಣವಾಗಲು ಬೇಕಾದ ಸೂಕ್ಷ್ಮಜೀವಿಗಳು ಅದರ ಹೊಟ್ಟೆಗೆ ಹೋಗುವುದು ಹಾಗೆಯೇ. ಹುಟ್ಟಿದಾಗ ಕಾಲಿನ ಗಂಟು ಸಡಿಲವಾಗಿ ನೆಲಕ್ಕೆ ತಾಗುವ ಹಾಗಿದ್ದರೂ ಎಷ್ಟೋ ಮರಿಗಳಿಗೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆ ಕುದುರೆ ಸಾಕಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಕೊಳವೆಬಾವಿ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸದೆ ಕುದುರೆ ತರಬೇಡಿ. ಬೆಳೆಯುವ ಮರಿಯ ಹಲ್ಲು, ಮೂಳೆ ಎರಡಕ್ಕೂ ಅದು ಕೆಡುಕು.

ಡಿಸೆಂಬರ್ ಕೊನೆಯ ವಾರ ನಿಮ್ಮ ಫಾರಂನಲ್ಲಿ ಎಲ್ಲರ ಮುಖದಲ್ಲೂ ಆತಂಕ ಕಾಣುತ್ತದೆ. ಅದಕ್ಕೆ ಕಾರಣ ಇದೆ. ನಮ್ಮ ದೇಶದಲ್ಲಿ ರೇಸ್ ಕುದುರೆಗಳೆಲ್ಲಕ್ಕೂ ಹುಟ್ಟುಹಬ್ಬ ಜನವರಿ 1. ಡಿಸೆಂಬರ್ 31ರ ರಾತ್ರಿ ಹುಟ್ಟಿದ ಮರಿಗೆ ಬೆಳಗಾದರೆ ಕಾಗದದ ಮೇಲೆ ಒಂದು ವರ್ಷ. ಆಮೇಲೆ ಅದು ತನಗಿಂತ ಸುಮಾರು ಒಂದು ವರ್ಷ ದೊಡ್ಡದರ ಜೊತೆ ಓಡಬೇಕು. ಹಾಗಾಗಿ ಲೆಕ್ಕ ಹಾಕಿ ಫೆಬ್ರವರಿ ಮಧ್ಯದ ಮೇಲೆಯೇ ಗಂಡಿಗೆ ಬಿಡುತ್ತಾರೆ. ಸೀಮೆಹಸುವಿಗೆ ಮಾಡಿಸುವ ಹಾಗೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಇಲ್ಲಿ ನಡೆಯುವುದಿಲ್ಲ. ರೇಸಿಗೆ ಸಾಕುವ ಈ ಥರೋಬ್ರೆಡ್ ಜಾತಿಯಲ್ಲಿ ಗಂಡು ಹೆಣ್ಣು ಕೂಡಿಯೇ ಆಗಬೇಕು, ಇಲ್ಲದಿದ್ದರೆ ಮರಿಯನ್ನು ವಂಶದ ಪುಸ್ತಕಕ್ಕೆ ಸೇರಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಆ ಪುಸ್ತಕ ಮೊದಲು ಬಂದದ್ದು 1791ರಲ್ಲಿ. ನಮ್ಮ ದೇಶದ್ದನ್ನು ಪುಣೆಯಲ್ಲಿ ಬರೆದಿಡುತ್ತಾರೆ. ಮರಿಯ ಕೂದಲಿನ ಡಿಎನ್‌ಎ ನೋಡಿ ತಂದೆ ತಾಯಿ ಖಚಿತ ಮಾಡಿ, ಕುತ್ತಿಗೆಗೆ ಮೈಕ್ರೋಚಿಪ್ ಹಾಕುತ್ತಾರೆ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಿರಿಯರು ಹಳ್ಳಿಕಾರ್ ಹೋರಿಯ ಅಪ್ಪ, ತಾತ, ಮುತ್ತಾತನವರೆಗೆ ಬಾಯಲ್ಲೇ ಹೇಳುತ್ತಾರಲ್ಲ, ಅದನ್ನೇ ಇಲ್ಲಿ ಕಾಗದದಲ್ಲಿ ಮಾಡುತ್ತಾರೆ. ಇವತ್ತಿನ ಎಲ್ಲ ಥರೋಬ್ರೆಡ್‌ಗಳ ಗಂಡು ಸಾಲು ಹಿಂದೆ ಹೋದರೆ ಮೂರೇ ಕುದುರೆಗಳಲ್ಲಿ ಮುಗಿಯುತ್ತದೆ. ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಬೈಯರ್ಲಿ ಟರ್ಕ್. ನೀವು ಒಂದು ರಾತ್ರಿ ಕಾದ ಮರಿ ಆ ಸಾಲಿನ ತುದಿ. ಕುದುರೆ ನಿಮ್ಮ ಊರಿಗೂ ಹೊಸದಲ್ಲ. ಕುಣಿಗಲ್ಲಿನ 400 ಎಕರೆಗೂ ಮೀರಿದ ಸ್ಟಡ್ ಫಾರಂನಲ್ಲಿ ಟಿಪ್ಪುವಿನ ಕಾಲಕ್ಕೇ ಸೈನ್ಯದ ಕುದುರೆ ಸಾಕುತ್ತಿದ್ದರು ಅಂತ ಹೇಳುತ್ತಾರೆ.

ಇನ್ನು ಅಮ್ಮನ ಮಾತು. ಅವರು ಹೇಳುವುದು ಸುಳ್ಳಲ್ಲ. ಬಾಜಿ ಕಟ್ಟಿ ಮನೆ ಮಠ ಕಳೆದುಕೊಂಡವರನ್ನು ನಾನೂ ನೋಡಿದ್ದೇನೆ. ನೀವು ಬಾಜಿ ಕಟ್ಟಬೇಡಿ. ನಿಮ್ಮ ಕೈಯಲ್ಲಿ ಹುಟ್ಟಿದ ಮರಿ ಓಡುವ ದಿನವೂ ಕಟ್ಟಬೇಡಿ, ಆಸೆ ಜಾಸ್ತಿ ಆಗುವುದು ಆವತ್ತೇ. ಓಡಲಾರದ ಕುದುರೆಗಳು ಆಮೇಲೆ ಎಲ್ಲಿಗೆ ಹೋಗುತ್ತವೆ ಅನ್ನುವ ಪ್ರಶ್ನೆಯೂ ಇದೆ. ನಾನು ಅದನ್ನು ಪ್ರತಿ ಮಾಲೀಕರಿಗೂ ಕೇಳುತ್ತ ಬಂದಿದ್ದೇನೆ. ನೀವೂ ಹೆದರದೆ ಕೇಳಿ. ಉತ್ತರ ಕೊಡಲು ಹಿಂಜರಿಯುವ ಜಾಗದಲ್ಲಿ ಹೆಚ್ಚು ದಿನ ಇರಬೇಡಿ.

ಆದರೆ ಅಮ್ಮನಿಗೆ ಇದನ್ನೂ ಹೇಳಿ. ಮರಿಗೆ ರೇಸ್ ಅಂದರೆ ಏನು ಅಂತ ಗೊತ್ತಿಲ್ಲ. ಎರಡನೆಯ ದಿನ ಬಿಸಿಲು ಬಂದ ಮೇಲೆ ತಾಯಿ ಮರಿಯನ್ನು ಸಣ್ಣ ಪ್ಯಾಡಾಕ್‌ಗೆ, ಅಂದರೆ ಬೇಲಿ ಹಾಕಿದ ಹುಲ್ಲು ಬಯಲಿಗೆ, ಬಿಡುತ್ತಾರೆ. ಪಾಳಿ ಮುಗಿದಿದ್ದರೂ ಅವತ್ತು ಮನೆಗೆ ಹೋಗಬೇಡಿ, ಅರ್ಧ ಗಂಟೆ ಬೇಲಿಯ ಹತ್ತಿರ ನಿಲ್ಲಿ. ಮರಿ ಮೊದಲು ತಾಯಿಗೆ ಅಂಟಿಕೊಂಡು ನಡೆಯುತ್ತದೆ. ಆಮೇಲೆ ಒಂದು ಸುತ್ತು ಓಡುತ್ತದೆ, ತಾಯಿಯ ಸುತ್ತಲೇ. ನಿಂತು ನೋಡುತ್ತದೆ. ಇನ್ನೊಂದು ಸುತ್ತು, ಸ್ವಲ್ಪ ದೊಡ್ಡದು. ನೆಲ ತನ್ನ ಕಾಲ ಕೆಳಗೆ ಹಿಂದಕ್ಕೆ ಹೋಗುತ್ತಿದೆ ಅಂತ ಅದಕ್ಕೆ ಗೊತ್ತಾಗುವ ಒಂದು ಕ್ಷಣ ಇದೆ. ಆಗ ಕತ್ತು ಉದ್ದ ಮಾಡಿ, ಗಿಡ್ಡ ಬಾಲ ನೆಟ್ಟಗೆ ಮಾಡಿ ಬಿಟ್ಟ ಬಾಣದ ಹಾಗೆ ಹೋಗುತ್ತದೆ. ತಿರುಗಲು ಬರದೆ ಬೀಳುತ್ತದೆ. ದೊಡ್ಡ ಕುದುರೆ ಯಾವುದಾದರೂ ಬೇಲಿಯಾಚೆಯಿಂದ ಮೂಗು ಚಾಚಿದರೆ ಕತ್ತು ಬಗ್ಗಿಸಿ, ಬಾಯಿ ಟಪ ಟಪ ಅಂತ ಬಡಿಯುತ್ತದೆ. ‘ನಾನು ಚಿಕ್ಕವನು, ಏನೂ ಮಾಡಬೇಡಿ’ ಅನ್ನುವ ಅರ್ಥ. ಆಮೇಲೆ ಅಲ್ಲೇ ಹುಲ್ಲಿನ ಮೇಲೆ ನಾಲ್ಕು ಕಾಲು ಚಾಚಿ ಮಲಗಿಬಿಡುತ್ತದೆ. ತಾಯಿ ಅದರ ಮೇಲೆ ನೆರಳಾಗಿ ನಿಂತಿರುತ್ತದೆ.

ಐದಾರು ತಿಂಗಳಿಗೆ ತಾಯಿಯಿಂದ ಬಿಡಿಸುತ್ತಾರೆ. ಆ ರಾತ್ರಿಗಳ ಕೆನೆತ ಕೇಳುವುದು ಕಷ್ಟ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಒಂದೂವರೆ ಎರಡು ವರ್ಷಕ್ಕೆ ಲಾರಿ ಹತ್ತಿ ಬೆಂಗಳೂರಿಗೋ ಮೈಸೂರಿಗೋ ಹೋಗುತ್ತವೆ. ಹೆಚ್ಚಿನವನ್ನು ನೀವು ಮತ್ತೆ ನೋಡುವುದಿಲ್ಲ. ಕೆಲವು ಹೆಣ್ಣು ಮರಿಗಳು ಮಾತ್ರ ಓಟ ಮುಗಿಸಿ ತಾವು ತಾಯಿಯಾಗಲು ವಾಪಸ್ ಬರುತ್ತವೆ. ನನ್ನ ಏಳನೆಯ ನೋಟ್‌ಬುಕ್‌ನಲ್ಲಿ ಒಂದು ಮರಿ ಇದೆ. ಎದ್ದು ನಿಲ್ಲಲು 41 ನಿಮಿಷ ತೆಗೆದುಕೊಂಡಿತ್ತು. ರೇಸಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಮಾಡಲಿಲ್ಲ. ಆರು ವರ್ಷವಾದ ಮೇಲೆ ಅದೇ ಫಾರಂಗೆ ಬಂತು, ಮರುವರ್ಷ ಅದರ ಚೊಚ್ಚಲು ಮರಿಗೆ ನಾನೇ ಕಾದೆ. ತಾನು ಹುಟ್ಟಿದ ಲಾಯದಲ್ಲೇ, ಅದೇ ಮೂಲೆಯಲ್ಲಿ ಮಲಗಿ, ಬೆಳಗಿನ ಜಾವ 3.10ಕ್ಕೆ ಮರಿ ಹಾಕಿತು. ಅದರ ಗಂಟಲಿನಿಂದ ಆ ಗುರುಗುಟ್ಟುವ ದನಿ ಬಂದಾಗ, ಅದರ ತಾಯಿ ಅದಕ್ಕೆ ಹಾಗೇ ಹೇಳಿದ್ದನ್ನು ನಾನು ಕೇಳಿದ್ದೆ ಅನ್ನುವುದು ನೆನಪಾಯಿತು. ಆ ಲಾಯದಲ್ಲಿ ಅದನ್ನು ಎರಡೂ ಸಲ ಕೇಳಿದವರು ನಾನು ಮತ್ತು ಆ ಹಿರಿಯ ಸೈಸ್ ಇಬ್ಬರೇ. ಮರಿ 38 ನಿಮಿಷಕ್ಕೆ ಎದ್ದು ನಿಂತಿತು.

ಒಂದು ಒಳ್ಳೆಯ ಟಾರ್ಚ್, ಸ್ವೆಟರ್, ಕೈಗಡಿಯಾರ, 200 ಪುಟದ ನೋಟ್‌ಬುಕ್ ತೆಗೆದುಕೊಂಡು ಹೋಗಿ. ನಿಮ್ಮ ಮೊದಲ ಮರಿ ಎಷ್ಟು ನಿಮಿಷಕ್ಕೆ ಎದ್ದು ನಿಂತಿತು ಅಂತ ನನಗೆ ಬರೆದು ಕಳಿಸಿ.